ಭಾವನ ಶ್ರುತಿ

ಶ್ರುತಿಗೆ ಹಿರಿಯರು ಕಿರಿಯರೆಂಬ ಭೇದವಿಲ್ಲ. ನಮ್ಮ ಮನೆಯಲ್ಲಿ ಇದೆ. ನಮ್ಮ ಆರ್ಕೆಸ್ಟ್ರಾದ ಸಕಲ ಸಂಕಟಗಳೂ ಹುಟ್ಟಿದ್ದು ಈ ಎರಡು ಮಾತಿನ ನಡುವಿನ ಸಂದಿಯಲ್ಲಿ.

ಆರ್ಕೆಸ್ಟ್ರಾ ಎಂದ ಕೂಡಲೇ ಕರಿ ಕೋಟು ತೊಟ್ಟ ಪಿಟೀಲುಗಾರರ ಸಾಲನ್ನು ನೆನೆಯಬೇಡಿ. ತಿಪಟೂರು ಸೀಮೆಯಲ್ಲಿ ಆರ್ಕೆಸ್ಟ್ರಾ ಎಂದರೆ ಗಣಪತಿ ಪೆಂಡಾಲಿನ ಪಕ್ಕ ಡ್ರಮ್ಮುಗಳ ಮೇಲೆ ಹಲಗೆ ಹಾಸಿದ ವೇದಿಕೆ, ಅದರ ಮೇಲೆ ಜಮಖಾನ, ಜಮಖಾನದ ಮೇಲೆ ನಾವು. ಕರಪತ್ರದಲ್ಲಿ ಇದೇ ‘ಸುಮಧುರ ಚಲನಚಿತ್ರ ಗೀತೆಗಳ ರಸಮಂಜರಿ’ ಎಂದಾಗುತ್ತದೆ. ಇಂಜಿನಿಯರಿಂಗ್ ಓದುವ ಅಕ್ಕನ ಮಗ ತನ್ನ ಗೆಳೆಯರ ಮುಂದೆ ‘ಕವರ್ ಬ್ಯಾಂಡ್’ ಅನ್ನುತ್ತಾನೆ. ಹಾಗಂದರೇನು ಎಂದು ನಮ್ಮ ಚಿಕ್ಕಪ್ಪ ವಿಚಾರಿಸಿದ್ದಕ್ಕೆ, ‘ಬೇರೆಯವರ ಹಾಡು ಹೇಳೋರು, ತಾತ’ ಅಂದ. ‘ಮತ್ತೆ ನಮ್ಮ ಹಾಡು ಅಂತ ಯಾವುದಿದೆಯೋ?’ ಎಂದು ಚಿಕ್ಕಪ್ಪ ನಿಜಕ್ಕೂ ಆಶ್ಚರ್ಯಪಟ್ಟರು.

ಈ ಹುಡುಗ ಗಿಟಾರು. ಚಿಕ್ಕಪ್ಪ ತಬಲಾ ಮತ್ತು ಡೋಲಕ್ಕು. ಶನಿವಾರದ ಭಜನೆಯಲ್ಲಿ ಪಳಗಿದ ಕೈ, ಆದ್ದರಿಂದ ಎಂಥ ಪ್ರಣಯಗೀತೆಯೂ ಎರಡನೇ ಚರಣದ ಹೊತ್ತಿಗೆ ಮಂಗಳಾರತಿಯ ಕಡೆ ಒಲೆಯುತ್ತದೆ. ನನ್ನ ಗೆಳೆಯನೊಬ್ಬ ಎಲೆಕ್ಟ್ರಿಷಿಯನ್, ಅವನದು ರಿದಂ ಪ್ಯಾಡು. ಮದುವೆ ಬ್ಯಾಂಡ್‌ಸೆಟ್ಟಿನಿಂದ ಬಂದು ನಮ್ಮೊಡನೆ ಕೂಡಿಕೊಂಡವರು ಕ್ಲಾರಿನೆಟ್ ಯಜಮಾನರು. ನಮ್ಮೆಲ್ಲರಲ್ಲಿ ಬಾಜಾಬಜಂತ್ರಿಯಿಂದಲೇ ಅನ್ನ ಕಂಡವರು ಅವರೊಬ್ಬರೇ. ಕದ್ರಿ ಗೋಪಾಲನಾಥರ ಕಥೆ ಅವರಿಗೆ ಪುರಾಣಕ್ಕೆ ಸಮ: ನಾಗಸ್ವರದ ಮನೆಯ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ಅದನ್ನೇ ಹಿಡಿದು, ಕರ್ನಾಟಕ ಸಂಗೀತದ ಗಮಕಗಳನ್ನು ಅದರಿಂದ ಹೊರಡಿಸಿದ್ದು. ‘ಊದೋ ವಾದ್ಯ ಯಾವುದಾದರೇನು, ಉಸಿರು ನಮ್ಮದು’ ಎಂದು ಅವರು ಆ ಕಥೆ ಮುಗಿಸುತ್ತಾರೆ. ಆಮೇಲೆ ಕೆಮ್ಮುತ್ತಾರೆ.

ಅಕ್ಕನದು ಹಾಡು, ನನ್ನದು ಕೀಬೋರ್ಡು. ಸೋದರಮಾವ, ನಿವೃತ್ತ ಕನ್ನಡ ಮೇಷ್ಟ್ರು, ನಿರೂಪಕರು.

ಮತ್ತು ಭಾವ. ಅಕ್ಕನ ಗಂಡ, ಕೊಬ್ಬರಿ ಮಂಡಿ ಯಜಮಾನರು. ಮಿಕ್ಸರು ಅವರದು, ಮೈಕುಗಳು ಅವರವು, ಅಭ್ಯಾಸಕ್ಕೆ ಮಂಡಿಯ ಹಿಂದಿನ ಗೋಡೋನು ಅವರದು, ಅಭ್ಯಾಸ ಮುಗಿದ ಮೇಲಿನ ಬೋಂಡಾ ಕಾಫಿಯೂ ಅವರದೇ. ರಾಜ್‌ಕುಮಾರ್ ಹಾಡುಗಳೆಲ್ಲವೂ ಅವರವು.

ಇದರಲ್ಲಿ ಅನ್ಯಾಯವಿದೆ ಎಂದು ಹೊರಗಿನವರಿಗೆ ಅನ್ನಿಸಬಹುದು. ನಮ್ಮ ತುಮಕೂರು ಜಿಲ್ಲೆಯವರಿಗೆ ಅನ್ನಿಸುವುದಿಲ್ಲ. ಇಲ್ಲಿ ಇಂದಿಗೂ ಹಳ್ಳಿಹಳ್ಳಿಯಲ್ಲಿ ಕುರುಕ್ಷೇತ್ರ ನಾಟಕ ಆಡುತ್ತಾರೆ. ಪಾತ್ರಗಳಿಗೆ ದರವಿದೆ, ದುರ್ಯೋಧನನ ಪಾರ್ಟು ಬೇಕೆಂದರೆ ಹೆಚ್ಚು ಕೊಡಬೇಕು, ದ್ವಾರಪಾಲಕ ಅಗ್ಗ. ಹೆಚ್ಚು ಕೊಟ್ಟವನು ಗದೆ ಹೊತ್ತು ರಾತ್ರಿಯಿಡೀ ಮಟ್ಟು ಹಾಡುತ್ತಾನೆ. ಅವನ ದನಿ ಎತ್ತ ಹೋದರೂ ಹಾರ್ಮೋನಿಯಂ ಮೇಷ್ಟ್ರು ಅತ್ತ ಹೋಗಿ, ಅಲ್ಲೇ ಒಂದು ಷಡ್ಜ ಹುಡುಕಿ, ಅವನ ಕೈಹಿಡಿದು ಕರೆತರುತ್ತಾರೆ. ಆ ಮೇಷ್ಟ್ರುಗಳ ವಿದ್ಯೆ ದೊಡ್ಡದು. ಸಂಗೀತದ ಪರೀಕ್ಷೆಗಳಲ್ಲಿ ಅದಕ್ಕೆ ಅಂಕವಿಲ್ಲ, ಅಷ್ಟೆ. ಕೀಬೋರ್ಡಿನ ಹಿಂದೆ ಕೂತಾಗಲೆಲ್ಲ ನಾನು ಅವರ ವಂಶದವನೆಂದೇ ಭಾವಿಸುತ್ತೇನೆ.

ಶ್ರುತಿ ಇಳಿಸಿ ಹಾಡಿಬಿಡಿ ಅಂದರೆ ಭಾವ ಒಪ್ಪುವುದಿಲ್ಲ. ಅಣ್ಣಾವ್ರು ಎಲ್ಲಿ ಹಾಡಿದ್ದಾರೋ ಅಲ್ಲೇ ಹಾಡಬೇಕು, ಒಂದು ಮನೆ ಇಳಿಸಿದರೂ ಅವಮರ್ಯಾದೆ. ಅವರ ವಾದಕ್ಕೆ ಚರಿತ್ರೆಯ ಬೆಂಬಲವೂ ಇದೆ. ರಾಜ್‌ಕುಮಾರ್ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದವರು. ಗುಬ್ಬಿ ನಮ್ಮ ಜಿಲ್ಲೆ. ಕಂಪನಿ ನಾಟಕದ ನಟರಿಗೆ ಕೊನೆಯ ಸಾಲಿನವನಿಗೂ ಮುಟ್ಟುವಂತೆ ಎತ್ತರದಲ್ಲಿ ಹಾಡುವುದೇ ರೂಢಿ. ಬಹಳ ಕಾಲ ಅವರಿಗೆ ಪಿ.ಬಿ. ಶ್ರೀನಿವಾಸ್ ದನಿ ಕೊಟ್ಟರು. 1974ರಲ್ಲಿ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆ ಮೇಲೆ ಕೂತು ತಾವೇ ಹಾಡಿದ ಮೇಲೆ ಆ ಗಂಟಲು ನಿಲ್ಲಲಿಲ್ಲ. ಈ ಎಲ್ಲವನ್ನೂ ಭಾವ ಕ್ರಮವಾಗಿ ಹೇಳಿ, ‘ಹಿಂಗಿರೋವಾಗ ನಾನು ಇಳಿಸ್ಲೇನಯ್ಯಾ?’ ಎಂದು ನನ್ನನ್ನು ಕೇಳುತ್ತಾರೆ. ‘ಬೇಡ ಭಾವ’ ಅನ್ನುತ್ತೇನೆ. ಅಕ್ಕನನ್ನು ಕೊಟ್ಟ ಮನೆ. ಬೇರೇನು ಅನ್ನಲಿ?

ಹೀಗಾಗಿ ಭಾವ ಕರಿ ಒಂದರಲ್ಲಿ ಹೊರಡುತ್ತಾರೆ. ಪಲ್ಲವಿ ಗಂಭೀರವಾಗಿಯೇ ಸಾಗುತ್ತದೆ. ಮೊದಲ ಚರಣದಲ್ಲಿ ಒಂದು ಏರು ಬರುತ್ತದೆ. ಭಾವ ಕಣ್ಣು ಮುಚ್ಚಿ, ಎಡಗೈ ಮೇಲೆತ್ತುತ್ತಾರೆ. ಕೈ ಅಗತ್ಯವಿದ್ದಷ್ಟೂ ಮೇಲೇರುತ್ತದೆ. ದನಿ ಬಿಳಿ ಒಂದರಲ್ಲಿ ಕುಳಿತುಬಿಡುತ್ತದೆ. ಕರಿ ಒಂದಕ್ಕೂ ಬಿಳಿ ಒಂದಕ್ಕೂ ನಡುವೆ ಇರುವುದು ಅರ್ಧ ಸ್ವರ. ಈ ಅರ್ಧ ಸ್ವರದ ಕಂದಕವನ್ನು ತಂಡದ ಒಬ್ಬೊಬ್ಬರು ಒಂದೊಂದು ರೀತಿ ದಾಟುವುದನ್ನು ನೋಡಬೇಕು.

ನನ್ನ ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಎಂಬ ಗುಂಡಿಯಿದೆ. ಒಮ್ಮೆ ಒತ್ತಿದರೆ ಇಡೀ ಮನೆಯೇ ಅರ್ಧ ಸ್ವರ ಕೆಳಗಿಳಿಯುತ್ತದೆ, ಬೆರಳು ಬದಲಿಸಬೇಕಿಲ್ಲ. ಆದರೆ ಹಾಡಿನ ಮಧ್ಯೆ ಒತ್ತಿದರೆ ಲಾರಿ ಗುಂಡಿಗಿಳಿದ ಹಾಗೆ ಎಲ್ಲರಿಗೂ ಧಡ್ ಎಂದು ತಿಳಿಯುತ್ತದೆ. ಆದ್ದರಿಂದ ಚರಣ ಮುಗಿದು ಬಿಜಿಎಂ ಶುರುವಾಗುವ ಸಂಧಿಗೆ ಕಾಯಬೇಕು. ಆ ಕ್ಷಣದಲ್ಲಿ ಪ್ಯಾಡಿನ ಗೆಳೆಯ, ಮೂಲ ಹಾಡಿನಲ್ಲಿ ಇಲ್ಲದ ಒಂದು ಉರುಳು ಬಾರಿಸುತ್ತಾನೆ. ಆ ಗುಡುಗಿನ ಮರೆಯಲ್ಲಿ ನಾನು ಗುಂಡಿ ಒತ್ತುತ್ತೇನೆ. ಊರವರು ಆ ಉರುಳನ್ನು ಕೈಚಳಕವೆಂದುಕೊಂಡು ಚಪ್ಪಾಳೆ ತಟ್ಟುತ್ತಾರೆ.

ಹುಡುಗನ ಗಿಟಾರಿಗೆ ಕ್ಯಾಪೊ ಎಂಬ ಚಿಮುಟ ಉಂಟು. ಅದನ್ನು ಮೊದಲ ಮನೆಗೆ ಕಚ್ಚಿಸಿದರೆ ತಂತಿಗಳೆಲ್ಲ ಅರ್ಧ ಸ್ವರ ಮೇಲೆ. ಅವನು ಕ್ಯಾಪೊ ಹಾಕಿಕೊಂಡೇ ಹಾಡು ಶುರು ಮಾಡಿ, ಅಪ್ಪ ಕೆಳಗಿಳಿದಾಗ ಅದನ್ನು ಕಿತ್ತು ಹಲ್ಲಿನಲ್ಲಿ ಕಚ್ಚಿಕೊಂಡು ನುಡಿಸುತ್ತಾನೆ. ಹುಡುಗಿಯರು ಇದೊಂದು ಶೈಲಿ ಎಂದುಕೊಂಡಿದ್ದಾರೆ. ಕ್ಲಾರಿನೆಟ್ಟಿಗೆ ಗುಂಡಿಯೂ ಇಲ್ಲ, ಚಿಮುಟವೂ ಇಲ್ಲ. ಬೆರಳುಗಳ ಲೆಕ್ಕವೇ ಬದಲಾಗಬೇಕು. ಯಜಮಾನರು ವಾದ್ಯವನ್ನು ಬಾಯಿಂದ ತೆಗೆದು, ರೀಡು ಒಣಗಿತೆಂಬ ನೆಪದಲ್ಲಿ ನಿಧಾನವಾಗಿ ನಾಲಗೆಯಿಂದ ಒದ್ದೆ ಮಾಡುತ್ತ, ದೂರದ ಟ್ಯೂಬ್‌ಲೈಟಿನ ಹುಳಗಳನ್ನು ನೋಡುತ್ತಾರೆ. ಚಿಕ್ಕಪ್ಪನದು ಅಸಹಕಾರ. ಗಟ್ಟಗಳನ್ನು ಸುತ್ತಿಗೆಯಿಂದ ಬಡಿದು ಬಡಿದು ಕರಿ ಒಂದಕ್ಕೆ ಕೂಡಿಸಿದ ತಬಲಾವನ್ನು ಯಾವ ಕಾರಣಕ್ಕೂ ಇಳಿಸುವವರಲ್ಲ. ಅದನ್ನು ಪಕ್ಕಕ್ಕಿಟ್ಟು ಡೋಲಕ್ಕು ಎತ್ತಿಕೊಳ್ಳುತ್ತಾರೆ. ಅದು ಅವರ ಪ್ರತಿಭಟನೆ ಎಂದು ನಮಗೆ ಗೊತ್ತು. ಭಾವನಿಗೆ ಗೊತ್ತಿಲ್ಲ. ‘ಚರಣಕ್ಕೆ ಡೋಲಕ್ಕು ಹಾಕಿದ್ದು ಬಹಳ ಚೆನ್ನಾಗಿತ್ತು ಚಿಕ್ಕಪ್ಪಾ’ ಎಂದು ಮೆಚ್ಚಿಕೊಂಡರು ಒಮ್ಮೆ.

ಹಾಡು ಮುಗಿದ ಮೇಲೆ ಭಾವ ನನ್ನತ್ತ ಬಾಗಿ ಕೇಳುವುದು ಒಂದೇ: ‘ಕೀಬೋರ್ಡು ಇವತ್ತು ಸ್ವಲ್ಪ ಮೇಲಿತ್ತಲ್ವಾ?’

‘ಹೌದು ಭಾವ. ವೋಲ್ಟೇಜು.’

ವೋಲ್ಟೇಜಿಗೂ ಶ್ರುತಿಗೂ ಸಂಬಂಧವಿಲ್ಲ ಎಂಬುದು ಪಕ್ಕದಲ್ಲೇ ನಿಂತ ಎಲೆಕ್ಟ್ರಿಷಿಯನ್ನಿಗೆ ಚೆನ್ನಾಗಿ ಗೊತ್ತು. ಅವನು ಗಂಭೀರವಾಗಿ ತಲೆಯಾಡಿಸುತ್ತಾನೆ.

ಶ್ರುತಿಯ ಸಮಸ್ಯೆ ಹೀಗಾದರೆ, ಯುಗಳಗೀತೆಯದು ಇನ್ನೊಂದು. ಹೊರಗಿನಿಂದ ಗಾಯಕಿಯರನ್ನು ಕರೆಸುವ ತಂಡಗಳಿಗೆ ಇದು ತಿಳಿಯದು. ಸಿನಿಮಾದ ಯುಗಳಗೀತೆ ಎಂದರೆ ನೂರಕ್ಕೆ ತೊಂಬತ್ತು ಪ್ರೇಮಗೀತೆ. ನಾನೂ ಅಕ್ಕನೂ ಒಂದೊಂದು ಮೈಕು ಹಿಡಿದು ಎದುರುಬದುರು ನಿಂತು ‘ಪ್ರೇಮಲೋಕ’ದ ಹಾಡು ಹೇಳಲು ಸಾಧ್ಯವೇ? 1987ರಲ್ಲಿ ಹಂಸಲೇಖ ಇಡೀ ರಾಜ್ಯದ ಹುಡುಗ ಹುಡುಗಿಯರಿಗೆ ಹಾಡು ಕೊಟ್ಟರು, ಒಡಹುಟ್ಟಿದವರ ಆರ್ಕೆಸ್ಟ್ರಾಗಳ ಪಾಡೇನೆಂದು ಯೋಚಿಸಲಿಲ್ಲ. ಚಿಕ್ಕಪ್ಪನ ಮಗಳು ಚೆನ್ನಾಗಿ ಹಾಡುತ್ತಾಳೆ. ಅವಳೂ ತಂಗಿ, ಆಗದು. ಸೋದರಮಾವನ ಮಗಳ ಜೊತೆ ಹಾಡಬಹುದು, ನಮ್ಮ ಕಡೆ ಅದು ಕೊಟ್ಟು ತರುವ ಸಂಬಂಧ. ಮುಂದಿನ ಸಾಲಿನ ಅಜ್ಜಿಯರು ಹುಬ್ಬೇರಿಸುವುದಿಲ್ಲ. ಆದರೆ ಆ ಹಾಡು ಮುಗಿಯುವ ಹೊತ್ತಿಗೆ ಅದೇ ಅಜ್ಜಿಯರು ಜಾತಕದ ಮಾತು ತೆಗೆದಿರುತ್ತಾರೆ. ಮಾವನ ಮಗಳು ಎರಡು ಗಣಪತಿ ಹಬ್ಬಗಳಲ್ಲಿ ನನ್ನೊಡನೆ ಹಾಡಿ, ಮೂರನೆಯದಕ್ಕೆ ಮೊದಲು ಬೆಂಗಳೂರಿನ ಗಂಡು ನೋಡಿ ಮದುವೆಯಾದಳು. ಅವಳ ನಿರ್ಧಾರದಲ್ಲಿ ನನ್ನ ಸ್ವರಜ್ಞಾನದ ಪಾತ್ರವೆಷ್ಟು ಎಂದು ನಾನು ಕೇಳಲು ಹೋಗಿಲ್ಲ.

ಅಕ್ಕನಿಗೆ ಜೋಡಿಯಾಗಿ ಪ್ಯಾಡಿನ ಗೆಳೆಯ ಹಾಡಬಹುದಿತ್ತು, ಅವನ ಗಂಟಲು ಎಸ್‌ಪಿಬಿ ಹಾಡುಗಳಿಗೆ ಹೇಳಿಮಾಡಿಸಿದ್ದು. ಅವನು ಚಿಕ್ಕಂದಿನಿಂದ ನಮ್ಮ ಮನೆಯಲ್ಲೇ ಉಂಡು ಬೆಳೆದವನು, ಅವಳನ್ನು ಅಕ್ಕ ಎಂದೇ ಕರೆಯುವವನು. ಒಮ್ಮೆ ಪ್ರಯತ್ನಿಸಿದ. ಪ್ರಣಯದ ಸಾಲು ಬಂದಾಗಲೆಲ್ಲ ಅಪರಾಧಿಯಂತೆ ನನ್ನ ಕಡೆ ತಿರುಗಿ ಹಾಡಿದ. ನೋಡಿದವರು ಬೇರೆ ಅರ್ಥ ಮಾಡಿಕೊಂಡರು. ಬಿಟ್ಟೆವು.

2002ರಲ್ಲಿ ‘ತವರಿಗೆ ಬಾ ತಂಗಿ’ ಬಂದಾಗ ನಮ್ಮ ಕಷ್ಟ ನೋಡಲಾರದೆ ಯಾರೋ ತೆಗೆದ ಸಿನಿಮಾ ಅನ್ನಿಸಿತು. ಅಣ್ಣ ತಂಗಿಯ ಹಾಡು! ಅಕ್ಕನೂ ನಾನೂ ಎಗ್ಗಿಲ್ಲದೆ ಹಾಡಬಹುದು. ಒಂದೇ ತೊಡಕೆಂದರೆ ಅವಳು ನನಗಿಂತ ದೊಡ್ಡವಳು. ನಾನು ಅಣ್ಣನಾಗಿ ಗದ್ಗದನಾಗುತ್ತ ಅವಳ ತಲೆ ನೇವರಿಸುವ ಧಾಟಿಯಲ್ಲಿ ಹಾಡುವಾಗ ಅವಳು ತುಟಿ ಕಚ್ಚಿ ನಗು ತಡೆಯುತ್ತಾಳೆ. ಹೆಂಗಸರ ಸಾಲು ಅದನ್ನು ಅಳುವೆಂದು ತಿಳಿದು ಸೆರಗು ಕಣ್ಣಿಗೊತ್ತಿಕೊಳ್ಳುತ್ತದೆ. ತವರುಮನೆಯ ಹಾಡಿಗೆ ಬೀಳುವಷ್ಟು ಚೀಟಿ ನಮ್ಮಲ್ಲಿ ಇನ್ನಾವ ಹಾಡಿಗೂ ಬಿದ್ದಿಲ್ಲ.

ಚೀಟಿಗಳು ಮಾವನ ಖಾತೆ. ‘ಮಾರುತಿ ಬೇಕರಿ ಪಕ್ಕ ನಿಲ್ಲಿಸಿರುವ ಬಿಳಿ ಕಾರನ್ನು ತೆಗೆಯುವುದು’ ಎಂಬ ಚೀಟಿಯನ್ನೂ ಮಾವ ಹಳಗನ್ನಡದ ಗತ್ತಿನಲ್ಲೇ ಓದುತ್ತಾರೆ. ‘ಹಾಡಿಗೆ ಮೆಚ್ಚಿ ನೂರಾ ಒಂದು ರೂಪಾಯಿ ಬಹುಮಾನ’ ಎಂಬ ಚೀಟಿ ಬಂದರೆ ಮೆಚ್ಚಿದವನ ತಂದೆಯ, ತಾತನ ಗುಣಗಾನವೂ ಆಗಬೇಕು. ಅರ್ಧ ಊರು ಅವರ ಶಿಷ್ಯರು, ಯಾರ ವಂಶಾವಳಿಯೂ ಅವರಿಗೆ ಹೊಸದಲ್ಲ. ಒಂದೊಂದು ಹಾಡಿಗೂ ಮುನ್ನುಡಿ ಉಂಟು. ಅದು ಹಾಡಿಗಿಂತ ಉದ್ದವಾದರೂ ನಾವು ತಡೆಯುವುದಿಲ್ಲ, ಏಕೆಂದರೆ ಮೊದಲನೆಯದಾಗಿ ಮಾವ, ಎರಡನೆಯದಾಗಿ ಆ ಹೊತ್ತಿಗೆ ಚಿಕ್ಕಪ್ಪ ತಬಲಾ ಕೂಡಿಸಿಕೊಳ್ಳಬಹುದು. ‘ಎರಡು ಕನಸು’ ಚಿತ್ರದ ಹಾಡು ಬಂದರೆ ಸಾಕು, ಮಾವ ರಾಜನ್–ನಾಗೇಂದ್ರರನ್ನು ಹಿಡಿದುಕೊಳ್ಳುತ್ತಾರೆ: ಮೈಸೂರಿನ ಅಣ್ಣತಮ್ಮಂದಿರು, ದಶಕಗಳ ಕಾಲ ಒಂದೇ ಹೆಸರಿನಲ್ಲಿ ರಾಗ ಹಾಕಿದವರು, ಈಗಿನ ಅಣ್ಣತಮ್ಮಂದಿರು ನಾಲ್ಕು ಕುಂಟೆ ತೆಂಗಿನ ತೋಟಕ್ಕೆ ಕೋರ್ಟು ಹತ್ತುತ್ತಾರೆ, ಇತ್ಯಾದಿ. ಆ ಹೊತ್ತಿಗೆ ನನ್ನ ತಲೆಯಲ್ಲಿ ಓಡುವ ಪ್ರಶ್ನೆಯೇ ಬೇರೆ. ರಾಜನ್ ಅಣ್ಣ, ನಾಗೇಂದ್ರ ತಮ್ಮ. ತಮ್ಮ ಹಾಡುತ್ತಲೂ ಇದ್ದರು. ಅಣ್ಣ ಹಾಕಿದ ರಾಗದಲ್ಲಿ ಒಂದು ಸ್ವರ ಹಿಡಿಸದಿದ್ದರೆ ಆ ತಮ್ಮ ಅದನ್ನು ಯಾವ ಮಾತಿನಲ್ಲಿ ಹೇಳುತ್ತಿದ್ದರು? ಊಟಕ್ಕೆ ಮೊದಲೋ, ಆಮೇಲೋ? ಈ ವಿಷಯ ಯಾರಾದರೂ ಬರೆದಿಟ್ಟಿದ್ದರೆ ನಮ್ಮಂಥವರಿಗೆ ಉಪಕಾರವಾಗುತ್ತಿತ್ತು.

ನಮ್ಮಂಥ ತಂಡಗಳು ಈಗ ಕಡಿಮೆ. ಒಂದು ಲ್ಯಾಪ್‌ಟಾಪು, ಕರೋಕೆ ಟ್ರ್ಯಾಕು, ಎರಡು ಮೈಕು ಇದ್ದರೆ ಕಾರ್ಯಕ್ರಮ ಆಗಿಹೋಗುತ್ತದೆ. ಖರ್ಚೂ ಕಡಿಮೆ, ಬಿಜಿಎಂ ಸಾಕ್ಷಾತ್ ಸಿನಿಮಾದ್ದೇ. ಅಕ್ಕನ ಮಗನೇ ಒಮ್ಮೆ ಸೂಚಿಸಿ ನೋಡಿದ. ಅಭ್ಯಾಸಕ್ಕೆಂದು ಅಂಥ ಟ್ರ್ಯಾಕು ಹಾಕಿ ಭಾವನಿಗೆ ಮೈಕು ಕೊಟ್ಟೆವು. ಟ್ರ್ಯಾಕು ಭಾವನ ಮುಖ ನೋಡಲಿಲ್ಲ. ಅವರು ಬಿಳಿ ಒಂದಕ್ಕೆ ಇಳಿದರೂ ಅದು ಕರಿ ಒಂದರಲ್ಲೇ ಹೊರಟುಹೋಯಿತು. ಅವರು ಏರಿನಲ್ಲಿ ಒಂದು ಉಸಿರು ಹೆಚ್ಚು ತೆಗೆದುಕೊಂಡರೆ ಕಾಯಲಿಲ್ಲ. ಹಾಡು ಮುಗಿದಾಗ ಭಾವ ಇನ್ನೂ ಅರ್ಧ ಸಾಲು ಹಿಂದಿದ್ದರು. ‘ಇದಕ್ಕೆ ಮರ್ಯಾದೆ ಇಲ್ಲ’ ಎಂದು ಮೈಕು ಕೆಳಗಿಟ್ಟರು. ಚಿಕ್ಕಪ್ಪ ಜೋರಾಗಿ ಹೌದೆಂದರು, ಟ್ರ್ಯಾಕು ಬಂದರೆ ಮೊದಲು ಹೋಗುವುದು ತಬಲಾ ಎಂಬುದು ಅವರಿಗೆ ಗೊತ್ತಿತ್ತು.

ನನ್ನ ಅಭಿಪ್ರಾಯ ಕೇಳಿದರೆ, ಪೆಂಡಾಲಿಗೆ ಬಂದ ಜನಕ್ಕೆ ಹಾಡು ಸಿನಿಮಾದಲ್ಲಿದ್ದಂತೆಯೇ ಬೇಕಾಗಿಲ್ಲ. ಅದು ಅವರ ಫೋನಿನಲ್ಲೇ ಇದೆ. ಅವರು ಬರುವುದು ಕೊಬ್ಬರಿ ಮಂಡಿಯ ಯಜಮಾನರು ಹಾಡುವುದನ್ನು ನೋಡಲು. ಕೂತವರಲ್ಲಿ ಕೆಲವರು ಅವರಿಗೆ ಮುಂಗಡದ ಬಾಕಿ ಉಳಿಸಿಕೊಂಡವರು, ಕೆಲವರಿಗೆ ಅವರೇ ಕೊಡಬೇಕು. ವಾರವೆಲ್ಲ ತೂಕ, ದರ, ತೇವಾಂಶ ಎಂದು ಜಗಳವಾಡಿದ ಮನುಷ್ಯ ಕಣ್ಣು ಮುಚ್ಚಿ ಕೈ ಮೇಲೆತ್ತಿ ವಿರಹ ಹಾಡುತ್ತಿದ್ದರೆ ಅದರ ರುಚಿಯೇ ಬೇರೆ. ಏರಿನಲ್ಲಿ ದನಿ ಕೈಕೊಟ್ಟಾಗ ಪೆಂಡಾಲಿಗೆ ಪೆಂಡಾಲೇ ಆ ಸಾಲನ್ನು ಎತ್ತಿಕೊಂಡು ಹಾಡುತ್ತದೆ. ಚೆನ್ನಾಗಿ ಹಾಡುವ ಅಕ್ಕನಿಗೆ ಆ ಭಾಗ್ಯವಿಲ್ಲ. ಅವಳು ಹಾಡುವಾಗ ಜನ ಸುಮ್ಮನೆ ಕೇಳುತ್ತಾರೆ, ಮಧ್ಯೆ ಎದ್ದು ಹೋಗಿ ಚುರುಮುರಿ ತರುತ್ತಾರೆ.

ಇನ್ನೊಂದು ಮಾತನ್ನೂ ಹೇಳಬೇಕು. ನಾವೆಲ್ಲ ಹಾಡಿನ ಸಾಹಿತ್ಯವನ್ನು ಫೋನಿನಲ್ಲಿ ನೋಡಿಕೊಂಡು ಹೇಳುವವರು. ಭಾವ ಕಾಗದ ಹಿಡಿದದ್ದೇ ಇಲ್ಲ. ಪಿಬಿಎಸ್ ಕಾಲದಿಂದ ಇಲ್ಲಿಯವರೆಗೆ ಯಾವ ಹಾಡಿನ ಯಾವ ಚರಣ ಕೇಳಿ, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ ಬರುತ್ತದೆ. ಯಾರು ಬರೆದದ್ದು ಎಂಬುದೂ ಬರುತ್ತದೆ. ಶ್ರುತಿಯೊಂದು ಬಿಟ್ಟು ದೇವರು ಅವರಿಗೆ ಎಲ್ಲವನ್ನೂ ಕೊಟ್ಟ.

ಆ ನೆನಪೇ ಒಮ್ಮೆ ನಮ್ಮನ್ನು ಸಿಕ್ಕಿಸಿತು. ರಾಜ್ಯೋತ್ಸವದ ಕಾರ್ಯಕ್ರಮ. ನಮ್ಮ ಕಡೆ ನವೆಂಬರ್ ಒಂದು ಎಂಬುದು ಡಿಸೆಂಬರಿನವರೆಗೂ ಬೀದಿಯಿಂದ ಬೀದಿಗೆ ನಡೆಯುತ್ತಿರುತ್ತದೆ, ಇದು ತಿಂಗಳ ಕೊನೆಯದು. ‘ಜೀವನ ಚೈತ್ರ’ದ ಆ ತೋಡಿ ಹಾಡು ಬೇಕೆಂದು ಯಾರೋ ಚೀಟಿ ಕಳಿಸಿದರು. ರಾಜ್‌ಕುಮಾರರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದ ಹಾಡು. ಸಂಗೀತ ಕಲಿತವರೇ ಎರಡು ಸಲ ಯೋಚಿಸಿ, ಮೂರನೇ ಸಲಕ್ಕೆ ಬೇಡವೆನ್ನುವಂಥದ್ದು. ಆ ಚೀಟಿಯನ್ನು ಜೇಬಿಗಿಳಿಸಬೇಕಿದ್ದ ಮಾವ, ಹಾಡಿನ ಚರಿತ್ರೆ ಹೇಳುವ ಚಪಲದಲ್ಲಿ ಗಟ್ಟಿಯಾಗಿ ಓದಿಬಿಟ್ಟರು. ಭಾವ ಮೈಕಿನ ಮುಂದೆ ಬಂದು ನಿಂತು ಗಂಟಲು ಸರಿಮಾಡಿಕೊಂಡರು. ಕ್ಲಾರಿನೆಟ್ ಯಜಮಾನರು ಹಾಡು ಶುರುವಾಗುವ ಮೊದಲೇ ರೀಡು ಒದ್ದೆ ಮಾಡತೊಡಗಿದರು. ಅಕ್ಕ ನನ್ನನ್ನು ನೋಡಿದಳು, ನಾನು ಪ್ಯಾಡಿನವನನ್ನು ನೋಡಿದೆ, ಅವನು ಯಾರನ್ನೂ ನೋಡಲಿಲ್ಲ. ಭಾವ ಉಸಿರು ಎಳೆದುಕೊಂಡರು. ಅಷ್ಟರಲ್ಲಿ ಕರೆಂಟು ಹೋಯಿತು.

ಬೀದಿದೀಪ ಉರಿಯುತ್ತಿತ್ತು. ಎದುರಿನ ಬೇಕರಿಯೂ ಬೆಳಗುತ್ತಿತ್ತು. ಕತ್ತಲಾದದ್ದು ವೇದಿಕೆ ಮಾತ್ರ. ಎಲೆಕ್ಟ್ರಿಷಿಯನ್ ಟಾರ್ಚು ಹಿಡಿದು ಒಂದೊಂದು ವೈರನ್ನೂ ಮುಟ್ಟಿ ಮುಟ್ಟಿ ನೋಡಿ, ಬಹಳ ಹೊತ್ತಿನ ಮೇಲೆ ತನ್ನ ಕಾಲ ಬುಡದಲ್ಲೇ ಇದ್ದ ಪ್ಲಗ್ಗು ಸಡಿಲವಾಗಿತ್ತೆಂದು ಕಂಡುಹಿಡಿದ. ಅಷ್ಟರಲ್ಲಿ ಹತ್ತು ಗಂಟೆಯಾಗುತ್ತ ಬಂದಿತ್ತು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮವೇ ಹೇಳುತ್ತದೆ. ಬೈಕು ನಿಲ್ಲಿಸಿಕೊಂಡು ಪೊಲೀಸಿನವರೊಬ್ಬರು ಗಡಿಯಾರ ತೋರಿಸಿದರು. ‘ಆಕಸ್ಮಿಕ’ದ ಕನ್ನಡದ ಹಾಡನ್ನು ಎಲ್ಲರೂ ನಿಂತು ಹಾಡಿ ಮುಗಿಸಿದೆವು. ಅದು ರಾಜ್ಯೋತ್ಸವದಲ್ಲಿ ನಾಡಗೀತೆಯ ನಂತರದ ಸ್ಥಾನದಲ್ಲಿರುವ ಹಾಡು, ಪೊಲೀಸಿನವರೂ ಕಾಲಲ್ಲಿ ತಾಳ ಹಾಕಿದರು. ಪ್ಲಗ್ಗಿನ ವಿಚಾರವನ್ನು ಇವತ್ತಿನವರೆಗೆ ಯಾರೂ ಎತ್ತಿಲ್ಲ.

2017ರಲ್ಲಿ ಇಳಯರಾಜಾ ಅವರ ಕಡೆಯಿಂದ ಎಸ್‌ಪಿಬಿಗೆ ವಕೀಲರ ನೋಟಿಸು ಹೋಯಿತು, ಅನುಮತಿಯಿಲ್ಲದೆ ತಮ್ಮ ಹಾಡುಗಳನ್ನು ವೇದಿಕೆಯಲ್ಲಿ ಹಾಡಬಾರದೆಂದು. ಪತ್ರಿಕೆಯಲ್ಲಿ ಓದಿ ನಮ್ಮ ಗೋಡೋನಿನಲ್ಲಿ ತುರ್ತುಸಭೆ ಸೇರಿತು. ಶಂಕರ್‌ನಾಗ್ ಅವರ ‘ಗೀತಾ’ 1981ರದು, ರಾಗ ಇಳಯರಾಜಾ, ದನಿ ಎಸ್‌ಪಿಬಿ. ಅದರ ಕುಣಿಯುವ ಹಾಡಿಲ್ಲದೆ ನಮ್ಮ ಯಾವ ಕಾರ್ಯಕ್ರಮವೂ ಮುಗಿಯುವುದಿಲ್ಲ, ಗಣಪತಿ ನೀರಿಗೆ ಹೋಗುವುದೂ ಅನುಮಾನ. ಹಾಡಿದವರಿಗೇ ನೋಟಿಸಾದರೆ ನಮ್ಮ ಗತಿ? ಮಾವ ಕಾನೂನಿನ ಮಾತಾಡಿದರು. ಹುಡುಗ, ಇಳಯರಾಜಾ ಮೊದಲು ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ, ಗಿಟಾರು ನುಡಿಸಿಕೊಂಡು, ನಮ್ಮ ಕನ್ನಡದ ಹಾಡುಗಳಿಗೇ ದುಡಿದವರು ಎಂದು ನೆನಪಿಸಿದ. ಅದರಿಂದ ನಮಗೇನು ರಿಯಾಯಿತಿ ಎಂಬುದು ತಿಳಿಯಲಿಲ್ಲ. ಭಾವ ಬಹಳ ಹೊತ್ತು ಯೋಚಿಸಿ, ‘ನಮಗೂ ಒಂದು ನೋಟಿಸು ಬಂದರೆ ಕಟ್ಟು ಹಾಕಿಸಿ ಮಂಡೀಲಿ ತೂಗುಹಾಕಬೋದು’ ಎಂದರು. ಕೆಲವು ದಿನ ಅಂಚೆಯವನನ್ನು ನಿಜವಾಗಿಯೂ ಕಾದರು ಅನ್ನಿಸುತ್ತದೆ. ಬರಲಿಲ್ಲ. ಎಸ್‌ಪಿಬಿ 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಕೊರೊನಾದಿಂದ ಯಾವ ಪೆಂಡಾಲೂ ಇರಲಿಲ್ಲ. ಗೋಡೋನಿನ ಬಾಗಿಲು ಹಾಕಿಕೊಂಡು, ಮೈಕಿಲ್ಲದೆ, ಗೆಳೆಯ ಅವರ ಹಾಡುಗಳನ್ನು ಒಂದಾದ ಮೇಲೊಂದು ಹಾಡಿದ. ಭಾವ ಒಂದೂ ಹಾಡಲಿಲ್ಲ. ಮೂಟೆಗೆ ಒರಗಿ ಕೂತು, ಗೆಳೆಯ ಚರಣ ಮರೆತಾಗಲೆಲ್ಲ ಮೊದಲ ಪದ ಎತ್ತಿಕೊಟ್ಟರು.

ಇಷ್ಟೆಲ್ಲ ಆದರೂ ಮೂಲ ಪ್ರಶ್ನೆ ಹಾಗೇ ಇತ್ತು. ಭಾವನಿಗೆ ಹೇಳುವವರು ಯಾರು? ಅಕ್ಕ ಹೇಳಬಹುದು. ಮನೆಯಲ್ಲಿ ಅವಳು ಅವರಿಗೆ ಹೇಳದ ಮಾತಿಲ್ಲ. ಸಾಲ ಕೊಟ್ಟದ್ದು ತಪ್ಪು, ತೋಟ ಮಾರಿದ್ದು ತಪ್ಪು, ಮೀಸೆಗೆ ಬಣ್ಣ ಹಾಕಿದ್ದಂತೂ ತಪ್ಪೇ ತಪ್ಪು. ‘ಶ್ರುತಿ ಮಾತ್ರ ಯಾಕಕ್ಕ ಬಿಟ್ಟೆ?’ ಎಂದರೆ, ‘ಅದೊಂದಾದರೂ ಇರಲಿ ಬಿಡೋ’ ಅನ್ನುತ್ತಾಳೆ.

ಕೊನೆಗೆ ಮುಂದಾದವನು ಮಗ. ಎದುರು ಹೇಳಲು ಅವನಿಗೂ ಧೈರ್ಯವಿಲ್ಲ. ಅಪ್ಪನ ಫೋನಿಗೆ ಟ್ಯೂನರ್ ಆ್ಯಪ್ ಹಾಕಿಕೊಟ್ಟ. ಅದರ ಮುಂದೆ ಹಾಡಿದರೆ ಪರದೆಯ ಮೇಲೆ ಮುಳ್ಳೊಂದು ಅಲುಗುತ್ತದೆ. ಸ್ವರ ಸರಿಯಾಗಿದ್ದರೆ ನಡುವೆ ನಿಂತು ಹಸಿರಾಗುತ್ತದೆ, ಇಳಿದರೆ ಎಡಕ್ಕೆ ವಾಲಿ ಕೆಂಪಾಗುತ್ತದೆ. ತಕ್ಕಡಿಯ ಮುಳ್ಳನ್ನು ಓದಿಯೇ ಬದುಕು ಕಟ್ಟಿದ ಮನುಷ್ಯನಿಗೆ ಇದಕ್ಕಿಂತ ಸುಲಭದ ಪಾಠವಿಲ್ಲವೆಂದು ನಾವೆಲ್ಲ ಹುಡುಗನ ಜಾಣತನ ಮೆಚ್ಚಿದೆವು.

ಭಾವ ಒಂದು ವಾರ ಮಂಡಿಯಲ್ಲೇ ಫೋನು ಎದುರಿಗಿಟ್ಟುಕೊಂಡು ಹಾಡಿದರಂತೆ. ಮುಂದಿನ ಅಭ್ಯಾಸಕ್ಕೆ ಬಂದಾಗ ಮುಖ ಸಪ್ಪಗಿತ್ತು. ಯಾರೂ ಮಾತಾಡಲಿಲ್ಲ. ಚಿಕ್ಕಪ್ಪ ಗಟ್ಟಕ್ಕೆ ಸುತ್ತಿಗೆ ಇಟ್ಟವರು ಬಡಿಯಲಿಲ್ಲ.

‘ಮುಳ್ಳು ಎಡಕ್ಕೇ ಹೋಗ್ತದೆ ಕಣಯ್ಯಾ,’ ಎಂದರು ನನ್ನ ಕಡೆ ತಿರುಗಿ.

ನಾನು ಕೀಬೋರ್ಡಿನ ಧೂಳು ಒರೆಸಿದೆ.

‘ನಾನೂ ಯೋಚನೆ ಮಾಡಿದೆ. ತಕ್ಕಡಿ ಆದರೆ ವರ್ಷಕ್ಕೊಂದು ಸಲ ಇಲಾಖೆಯವರು ಬಂದು ಮುದ್ರೆ ಹಾಕ್ತಾರೆ. ಇದಕ್ಕೆ ಯಾರು ಹಾಕಿದಾರೆ ಮುದ್ರೆ?’

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಭಾವ ಜೇಬಿನಿಂದ ಹೊಸ ಫೋನು ತೆಗೆದು ಮಗನ ಕೈಗಿತ್ತು, ಅದೇ ಆ್ಯಪನ್ನು ಇದರಲ್ಲಿ ಹಾಕಿಕೊಡೆಂದರು. ಅದು ಒಪ್ಪಿದರೆ ಈ ಸಲ ಗಣಪತಿಗೆ ತೋಡಿಯನ್ನೇ ಹಾಡುವುದೆಂದು ತೀರ್ಮಾನವಾಗಿದೆ. ಹುಡುಗ ಸಂಜೆಯಿಂದ ಆ್ಯಪಿನ ಸೆಟ್ಟಿಂಗ್ಸಿನೊಳಗೆ ಏನೋ ಹುಡುಕುತ್ತಿದ್ದಾನೆ. ಗೆಳೆಯ ಪೆಂಡಾಲಿನ ವೈರಿಂಗ್ ಕಂಟ್ರಾಕ್ಟು ತನಗೇ ಬೇಕೆಂದು ಸಮಿತಿಯವರನ್ನು ನೋಡಲು ಹೋಗಿದ್ದಾನೆ.